ಬಿಷಪ್ಪನನ್ನು ಕೊಡುವುದಿಲ್ಲ

ಯರ್ರಂಡೂ
ಗುರುವಾರ, ಸೆಪ್ಟೆಂಬರ್ ೧೧

ಪ್ರೀತಿಯ ಡೆಸ್,

'ಪ್ರೀತಿಯ' ಅಂತ ಬರೆದಿದ್ದೇನೆಂದು ಉಬ್ಬಬೇಡ. ಗಂಡನಿಗೆ ಕಾಗದ ಬರೆಯುವಾಗ ಹಾಗೆ ಶುರುಮಾಡಬೇಕು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಗಂಡ ಮನೆ ಬಿಟ್ಟು ಹೋಗಿ ಎರಡು ಚಳಿಗಾಲ ಕಳೆದಿದ್ದರೆ ಹೇಗೆ ಶುರುಮಾಡಬೇಕು ಎಂದು ಯಾರೂ ಹೇಳಿಕೊಡಲಿಲ್ಲ.

ಇವತ್ತು ಬೆಳಿಗ್ಗೆ ಮೇವಿನ ಅಂಗಡಿಗೆ ಹೋಗಿದ್ದೆ. ಅಂಗಡಿಯ ಟ್ರೆವರ್, ಓಟ್ಸ್ ಚೀಲವನ್ನು ನನ್ನ ವ್ಯಾನಿಗೆ ಎತ್ತಿಹಾಕುತ್ತ, ಮುಖ ಆ ಕಡೆ ತಿರುಗಿಸಿಕೊಂಡೇ, "ಡೆಸ್ ಫೋನ್ ಮಾಡಿದ್ದ ಗ್ಲೆಂಡಾ. ಮುಂದಿನ ಶನಿವಾರ ಟ್ರೇಲರ್ ತಗೊಂಡು ಬರ್ತಾನಂತೆ. ಬಿಷಪ್ಪನ್ನ ಕರ್ಕೊಂಡು ಹೋಗ್ತಾನಂತೆ" ಅಂದ. ಯಾಕಂತೆ ಎಂದು ಕೇಳಿದೆ. "ಅದೇನೋ, ಅಲ್ಲಿ ಬೇಕಂತೆ ಕಣಮ್ಮ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಅಲ್ಲ ಮಾರಾಯ, ನಮ್ಮ ಮನೆಯ ಫೋನ್ ನಂಬರು ನಾವು ಮದುವೆಯಾದಾಗಿನಿಂದ ಬದಲಾಗಿಲ್ಲವಲ್ಲ. ಹೆಂಡತಿಗೆ ಹೇಳುವ ಮಾತನ್ನು ಮೇವಿನ ಅಂಗಡಿಯಲ್ಲಿ ಬಿಟ್ಟುಹೋಗುವ ಗಂಡಸನ್ನು ಏನೆಂದು ಕರೆಯಬೇಕು? ಕರೆದಿದ್ದೇನೆ ಬಿಡು, ವಾಪಸ್ ಬರುವಾಗ ದಾರಿಯುದ್ದಕ್ಕೂ ಬಾಯ್ತುಂಬ ಕರೆದಿದ್ದೇನೆ. ಇಲ್ಲಿ ಬರೆದರೆ ಅಂಚೆಯವರು ಕಾಗದ ವಾಪಸ್ ಕಳಿಸುತ್ತಾರೆ.

ನನ್ನ ಉತ್ತರ ಒಂದೇ ಮಾತು. ಕೊಡುವುದಿಲ್ಲ.

ಬಿಷಪ್ ನಿನ್ನ ಕುದುರೆ, ಒಪ್ಪಿದೆ. ಮರಿಯಾಗಿದ್ದಾಗಿನಿಂದ ಸಾಕಿದವನು ನೀನು. ಆ ಉದ್ದನೆಯ ಬೂದು ಮುಖ, ಯಾವಾಗ ನೋಡಿದರೂ ಪ್ರವಚನಕ್ಕೆ ಹೊರಟವನ ಗಾಂಭೀರ್ಯ, ಅದನ್ನು ನೋಡಿ ಆ ಹೆಸರಿಟ್ಟವನೂ ನೀನೇ. ಆದರೆ ಮಂಡಿ ಸವೆದಿದೆ, ಇನ್ನು ಕುದುರೆ ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಊರಿನ ಮೇಲೆಲ್ಲ ಸಿಟ್ಟು ಮಾಡಿಕೊಂಡೆಯಲ್ಲ. 'ಒಂದು ಚಳಿಗಾಲ ಅಣ್ಣನ ಮನೇಲಿ ಇದ್ದು ಬರ್ತೀನಿ' ಎಂದು ಕ್ವೀನ್ಸ್‌ಲ್ಯಾಂಡಿಗೆ ಹೊರಟೆಯಲ್ಲ. ಆಗ ಅವನನ್ನು ಬೇಲಿಯೊಳಗೆ ಬಿಟ್ಟುಹೋದೆ. ನನ್ನನ್ನೂ. ಅವನಾದರೂ ಬೇಲಿಯ ತನಕ ಬಂದು ನಿನ್ನ ಗಾಡಿ ಮರೆಯಾಗುವವರೆಗೆ ಕುತ್ತಿಗೆ ಚಾಚಿ ನೋಡಿದ. ನಾನು ಒಳಗೆ ಪಾತ್ರೆ ತಿಕ್ಕುತ್ತಿದ್ದೆ. ತೊಳೆದ ಪಾತ್ರೆಯನ್ನೇ ತಿಕ್ಕುತ್ತಿದ್ದೆ ಅನ್ನುವುದು ಬೇರೆ ಮಾತು.

ಈಗ ಬಿಷಪ್ ಒಂದು ಮಗುವಿನ ಕುದುರೆ. ಆ ಮಗುವಿನ ಕೈಯಿಂದ ಅವನ ಲಗಾಮು ಕಿತ್ತುಕೊಂಡು ನಿನ್ನ ಕೈಗೆ ಕೊಡು ಅಂದರೆ ಆಗದು. ಯಾಕೆ ಅಂತ ಹೇಳುತ್ತೇನೆ, ಕನ್ನಡಕ ಹುಡುಕಿಕೊಂಡು ಕೂತು ಓದು.

ಅವಳ ಹೆಸರು ಬ್ರೈಡಿ, ಒಂಬತ್ತು ವರ್ಷ. ನಮ್ಮೂರಿನ ಔಷಧಿ ಅಂಗಡಿಗೆ ಸಿಡ್ನಿಯಿಂದ ಹೊಸದಾಗಿ ಬಂದಿರುವ ಓರ್ಲಾಳ ಮಗಳು. ಕೈಕಾಲೆಲ್ಲ ಕಡ್ಡಿ, ತಲೆಯೆಲ್ಲ ಪ್ರಶ್ನೆ. ಏಪ್ರಿಲ್‌ನಲ್ಲಿ ಮೊದಲ ಸಲ ಸವಾರಿ ಕಲಿಯಲು ನಮ್ಮ ಪೋನಿ ಕ್ಲಬ್ಬಿಗೆ ಬಂದಾಗ ನನ್ನನ್ನು ಕೇಳಿದ ಮೊದಲ ಮಾತು, "ಗ್ಲೆಂಡಾ ಆಂಟಿ, ಕುದುರೆಗೆ ನಾವು ಮಾತಾಡೋದೆಲ್ಲ ಅರ್ಥ ಆಗುತ್ತೆ ಅಂತೀರಲ್ಲ, ಮತ್ಯಾಕೆ ಅದು ಸುಮ್ನಿರುತ್ತೆ?" ಅರ್ಥ ಆಗೋದಕ್ಕೇ ಸುಮ್ನಿರುತ್ತೆ ಪುಟ್ಟಾ, ಅಂದೆ. ಆ ಉತ್ತರ ಅವಳಿಗೆ ಹಿಡಿಸಿತು. ಬಿಷಪ್ಪನೂ ಹಿಡಿಸಿದ.

ಅವತ್ತೇ ಬಿದ್ದಳು. ಬಿದ್ದಳು ಅನ್ನುವುದಕ್ಕಿಂತ ಜಾರಿದಳು ಅನ್ನಬೇಕು. ಮೆಲ್ಲಗೆ ಕುಕ್ಕುಲೋಟದಲ್ಲಿ ಹೋಗುತ್ತಿದ್ದ ನಿನ್ನ ಬಿಷಪ್ಪನಿಗೆ ಬೇಲಿಯ ಬುಡದಲ್ಲಿ ಹಸಿರು ಕಂಡಿತು. ಹೊಟ್ಟೆಯ ವಿಷಯದಲ್ಲಿ ಅವನು ಯಾವತ್ತೂ ಸಂನ್ಯಾಸಿಯಲ್ಲ, ನಿನಗೆ ಗೊತ್ತೇ ಇದೆ. ಗಕ್ಕನೆ ನಿಂತು ತಲೆ ಬಗ್ಗಿಸಿದ. ಹುಡುಗಿ ಅವನ ಕುತ್ತಿಗೆಯ ಮೇಲಿಂದ ಜಾರುಬಂಡೆಯಲ್ಲಿ ಇಳಿದ ಹಾಗೆ ಸರ್ರನೆ ಇಳಿದು ಹುಲ್ಲಿನ ಮೇಲೆ ಕೂತಳು. ಒಂದು ತರಚು ಗಾಯವೂ ಇಲ್ಲ. ನಮ್ಮ ಮಕ್ಕಳು ಏನು ಮಾಡಿದರು? ಈ ಊರಿನಲ್ಲಿ ಯಾರೇ ಬಿದ್ದರೂ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಕೈತಟ್ಟಿ, ಕುಣಿದು, "ಕೇಕು! ಕೇಕು! ಕೇಕು!" ಎಂದು ಗಂಟಲು ಹರಿದುಕೊಂಡರು.

ಬಿದ್ದವರು ಮುಂದಿನ ಭಾನುವಾರ ಎಲ್ಲರಿಗೂ ಕೇಕು ತರಬೇಕು ಅನ್ನುವುದು ನಮ್ಮಲ್ಲಿ ತಾತನ ಕಾಲದ ಪದ್ಧತಿ. ಬಿದ್ದೆಯಾ, ಸರಿ, ನೀನೂ ನಮ್ಮವಳಾದೆ ಅಂತ ಅದರ ಅರ್ಥ. ಇಲ್ಲಿ ಹುಟ್ಟಿದ ಮಕ್ಕಳಿಗೆ ಅದು ಹಾಲಿನ ಜೊತೆ ಗೊತ್ತಾಗಿರುತ್ತದೆ. ಸಿಡ್ನಿಯಿಂದ ಬಂದ ಮಗುವಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕಲ್ಲ. ನಮ್ಮಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಜ್ವರವೋ ಏನೋ ಅಂದುಕೊಂಡೆ. ಆಮೇಲೆ ನನ್ನ ಬಿಪಿ ಮಾತ್ರೆಗೆ ಔಷಧಿ ಅಂಗಡಿಗೆ ಹೋದಾಗ ಓರ್ಲಾಳನ್ನು ವಿಚಾರಿಸಿದೆ. ಆ ಹೆಂಗಸು ನನ್ನ ಮುಖ ನೋಡದೆ ಮಾತ್ರೆ ಎಣಿಸುತ್ತ, "ಅವ್ಳು ಬರಲ್ವಂತೆ. ತಾನು ಬಿದ್ದಾಗ ಎಲ್ರಿಗೂ ಹಬ್ಬ ಆಯ್ತಂತೆ, ಕೇಕ್ ತರ್ಸೋಣ ಅಂತ ಕುಣಿದ್ರಂತೆ. ನಂಗರ್ಥ ಆಗ್ಲಿಲ್ಲ, ನಿಮ್ಮೂರಲ್ಲಿ ಮಕ್ಳಿಗೆ ಇದನ್ನ ಕಲಿಸ್ತೀರಾ?" ಅಂದಳು.

ಡೆಸ್, ತಾನು ಬಿದ್ದಿದ್ದು ಕಂಡು ಊರೇ ಸಂತೋಷಪಟ್ಟಿತು ಎಂದು ಆ ಮಗು ದಿನವೂ ತಲೆದಿಂಬಿಗೆ ಮುಖ ಒತ್ತಿಕೊಂಡು ಮಲಗುತ್ತಿತ್ತಂತೆ. ಅಂಗಡಿಯಲ್ಲೇ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಓರ್ಲಾ ಮೊದಲು ಬೆಪ್ಪಾದಳು, ಆಮೇಲೆ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು, "ನಾನು ಹೇಳಿದ್ರೆ ಅವ್ಳು ನಂಬಲ್ಲ" ಅಂದಳು. ಸರಿಯೇ. ಮಾತಿನಿಂದ ಆದ ಗಾಯವಲ್ಲ ಅದು, ಮಾತಿನಿಂದ ಮಾಯುವುದೂ ಇಲ್ಲ.

ಹಾಗಾಗಿ ಊರವರಿಗೆಲ್ಲ ಫೋನ್ ಮಾಡಿದೆ. ಹುಟ್ಟಿದಾಗಿನಿಂದ ಒಂದು ಸಲವಾದರೂ ಕುದುರೆಯಿಂದ ಬಿದ್ದವರು ಯಾರ್ಯಾರಿದ್ದೀರೋ ಅವರೆಲ್ಲ ಈ ಭಾನುವಾರ ಕೇಕು ಹಿಡಿದು ಮೈದಾನಕ್ಕೆ ಬನ್ನಿ, ಬರದಿದ್ದರೆ ನಿಮ್ಮ ಮಕ್ಕಳಿಗೆ ನಾನು ಕಲಿಸುವುದಿಲ್ಲ ಅಂದೆ. ಓರ್ಲಾಳಿಗೆ, 'ಕುದುರೆ ಹತ್ತೋದೆಲ್ಲ ಬೇಡ, ಸುಮ್ಮನೆ ತಿನ್ನೋಕೆ ಕರ್ಕೊಂಡು ಬಾ' ಎಂದಿದ್ದೆ.

ನೀನಿರಬೇಕಿತ್ತು ಕಣೋ. ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ ಮೇಜು ಸಾಲದೆ ಬೆಂಚಿನ ಮೇಲೂ ಕೇಕು, ಜೀನು ಇಡುವ ಅಟ್ಟಣೆಯ ಮೇಲೂ ಕೇಕು. ತೆಂಗಿನ ತುರಿಯಲ್ಲಿ ಹೊರಳಿಸಿದ ಲ್ಯಾಮಿಂಗ್ಟನ್‌ಗಳ ಗುಡ್ಡೆಯೇ ಇತ್ತು. ಬ್ರೈಡಿ ಅಮ್ಮನ ಕೋಟಿನ ಹಿಂದೆ ಅಡಗಿ ನಿಂತಿದ್ದಳು. ಎಂಬತ್ತು ದಾಟಿದ ಮಿಸೆಸ್ ಪ್ಯಾಸ್ಕೋ ಮೊದಲು ಎದ್ದು ನಿಂತರು. ತಮ್ಮ ಕೇಕನ್ನು ಅವಳ ಮುಂದೆ ಹಿಡಿದು, "ನಾನು ಬಿದ್ದಿದ್ದು ಮದ್ವೆ ಹಿಂದಿನ ದಿನ ಮಗಳೇ. ಫೋಟೋದಲ್ಲಿ ಬಾಯಿ ಮುಚ್ಕೊಂಡಿದೀನಿ, ಮುಂದಿನ ಹಲ್ಲಿರ್ಲಿಲ್ಲ. ಎಂಥ ನಾಚಿಕೆ ಸ್ವಭಾವದ ಸೊಸೆ ಅಂತ ನಮ್ಮತ್ತೆ ಊರೆಲ್ಲ ಹೇಳ್ಕೊಂಡು ಬಂದ್ಲು" ಅಂದರು. ಟ್ರೆವರ್ ತಲೆ ಕೆರೆದುಕೊಳ್ಳುತ್ತ, "ನಾನು ನಿಂತಿದ್ ಕುದುರೆ ಮೇಲಿಂದ್ಲೇ ಬಿದ್ದೆ. ನಿದ್ದೆ ಬಂದ್ಬಿಟ್ಟಿತ್ತು" ಅಂದ. ನಮ್ಮ ಕ್ಲಬ್ಬಿನ ಅಧ್ಯಕ್ಷ ನೆವ್ ಎದೆ ಸೆಟೆಸಿ ನಿಂತು, ಊರಿನ ಪ್ರದರ್ಶನದ ದಿನ ಸಾವಿರ ಜನರ ಮುಂದೆ ತನ್ನ ಕುದುರೆ ಬೇಲಿ ಹಾರಿದ್ದನ್ನೂ, "ಕುದುರೆ ಆಚೆ ಹೋಯ್ತು, ನಾನು ಹೊಂಡಕ್ಕೆ ಬಿದ್ದೆ, ಪ್ಯಾಂಟು ಮಾತ್ರ ಬೇಲಿ ಮೇಲೆ ಬಾವುಟದ್ ಥರ ಹಾರಾಡ್ತಿತ್ತು" ಅನ್ನುವುದನ್ನೂ ಅಭಿನಯಿಸಿ ತೋರಿಸಿದ. ಬ್ರೈಡಿ ಕೋಟಿನ ಹಿಂದಿನಿಂದ ಕಿಸಕ್ಕೆಂದಳು. ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕೇಳಿ ಓರ್ಲಾ ನನ್ನ ಕೈ ಗಟ್ಟಿಯಾಗಿ ಹಿಡಿದಳು.

ನಿನ್ನ ಕಥೆಯನ್ನೂ ಹೇಳಿದೆ. ಬ್ಯಾಂಡಿನವರ ದೊಡ್ಡ ಡೋಲಿನೊಳಗೆ ನೀನು ತಲೆಕೆಳಗಾಗಿ ಬಿದ್ದಿದ್ದು. ನೀನು ಊರಿನಲ್ಲಿಲ್ಲದಿದ್ದರೂ ನಿನ್ನ ಪಾಲಿನ ಕೇಕನ್ನು ನಾನೇ ಮಾಡಿಕೊಂಡು ಹೋಗಿದ್ದೆ. ನನ್ನದೊಂದು, ನಿನ್ನದೊಂದು. ಯಾಕೆ ಮಾಡಿದೆ ಎಂದು ಕೇಳಬೇಡ, ಮೊಟ್ಟೆ ಜಾಸ್ತಿಯಿತ್ತು.

ಕೈಗೆಲ್ಲ ಕ್ರೀಮು ಮೆತ್ತಿಕೊಂಡ ಬ್ರೈಡಿ ನನ್ನ ಹತ್ತಿರ ಬಂದು, "ಬಿಷಪ್ಪನ್ನ ಸುಮ್ನೆ ನೋಡ್ಬಹುದಾ? ಹತ್ತಲ್ಲ" ಅಂದಳು. ನೋಡೋಣ ಬಾ, ಅಂದೆ.

ಅಲ್ಲಿಂದ ಮುಂದೆ ನಡೆದದ್ದು ನಿನಗೆ ಹಿಡಿಸದ ಭಾಗ. ನಾವಿಬ್ಬರೂ ಮದುವೆಯಾದಾಗಿನಿಂದ ಜಗಳವಾಡುತ್ತ ಬಂದದ್ದು ಇದರ ಮೇಲೆಯೇ ತಾನೇ? ನೀನು ಬೇಲಿಯ ಮೇಲೆ ಕೂತು, 'ಹಿಮ್ಮಡಿ ಕೆಳಗೆ! ತಲೆ ಮೇಲೆ! ಅಳ್ತಾ ಕೂತ್ರೆ ಕುದುರೆ ನಡಿಯುತ್ತಾ?' ಎಂದು ಆಕಾಶ ಭೂಮಿ ಒಂದು ಮಾಡುವವನು. ನಾನು ಮಗುವಿನ ಮಂಡಿಯ ಪಕ್ಕ ನಡೆಯುತ್ತ ಪಿಸುಗುಟ್ಟುವವಳು. ನೀನಿಲ್ಲದಿದ್ದರೂ ನಿನ್ನ ಕೆಲಸವನ್ನು ನೆವ್ ಮಾಡಿದ. "ಬಿದ್ದ ತಕ್ಷಣ ಎತ್ತಿ ಕೂರಿಸ್ಬೇಕಿತ್ತು ಗ್ಲೆಂಡಾ. ನಮ್ಮಪ್ಪ ನಮಗೆ ಹಾಗೇ ಮಾಡ್ತಿದ್ದ" ಅಂದ. "ಹೌದಪ್ಪ, ಅದಕ್ಕೇ ನಿನ್ ತಮ್ಮ ಇವತ್ತಿಗೂ ಕುದುರೆ ಕಂಡ್ರೆ ರಸ್ತೆ ದಾಟ್ತಾನೆ" ಅಂದೆ.

ಜೂನ್ ತುಂಬ ಅವಳು ಬಿಷಪ್ಪನ ಮೈ ಉಜ್ಜಿದಳು, ಅಷ್ಟೇ. ಪ್ರತಿ ಭಾನುವಾರ ಬಂದ ಕೂಡಲೇ ಒಂದೇ ಪ್ರಶ್ನೆ: "ಇವತ್ತು ಹತ್ಲೇಬೇಕಾ?" ಇಲ್ಲ ಪುಟ್ಟಾ, ಅನ್ನುತ್ತಿದ್ದೆ. ಅವಳ ಹೆಗಲು ಇಳಿಯುತ್ತಿತ್ತು, ಬ್ರಷ್ ಕೈಗೆತ್ತಿಕೊಳ್ಳುತ್ತಿದ್ದಳು. ಗೊರಸು ಎತ್ತುವುದು ಕಲಿತಳು. ಜೂಲು ಹೆಣೆಯುವುದು ಕಲಿತಳು. ಅವನು ಮೇಯುವಾಗ ಪಕ್ಕದಲ್ಲೇ ಕೂತು ಶಾಲೆಯ ವಿಷಯವನ್ನೆಲ್ಲ ಹೇಳುತ್ತಿದ್ದಳು. ಅವನು ಎಂದಿನಂತೆ ಪಾಪನಿವೇದನೆ ಕೇಳುವ ಗುರುವಿನ ಹಾಗೆ ಕಿವಿ ಆಡಿಸುತ್ತ ಮೆಲ್ಲುತ್ತಿದ್ದ. ಒಂದು ಭಾನುವಾರ ಬಂದವಳು ಆ ಪ್ರಶ್ನೆ ಕೇಳುವುದನ್ನೇ ಮರೆತಳು. ಅದರ ಮುಂದಿನ ವಾರ, ಉಜ್ಜುತ್ತ ಉಜ್ಜುತ್ತ, ನನ್ನ ಕಡೆ ನೋಡದೆ, "ಇವತ್ತು ಹತ್ಲಾ?" ಅಂದಳು. ನಿನಗೆ ಬೇಕಾದ್ರೆ ಹತ್ತು, ಅಂದೆ. ಸಹಜವಾಗಿಯೇ ಅಂದೆ, ಒಳಗೊಳಗೇ ಕುಣಿಯುತ್ತಿದ್ದೆ. ತಾಳಿದವನು ಬಾಳಿಯಾನು ಅನ್ನುವುದು ಸುಮ್ಮನೆ ಅಲ್ಲ ಡೆಸ್.

ಹತ್ತಿದಳು. ನಡಿಗೆಗೆ ತೊಂದರೆಯಿರಲಿಲ್ಲ. ಕುಕ್ಕುಲೋಟಕ್ಕೆ ಬಂದರೆ ಮಾತ್ರ ಉಸಿರು ಕಟ್ಟಿ ಹಲಗೆಯಂತಾಗಿಬಿಡುತ್ತಿದ್ದಳು. ಉಸಿರು ಬಿಡು ಅಂದರೆ ಯಾವ ಮಗುವೂ ಬಿಡುವುದಿಲ್ಲ, ಇನ್ನೂ ಬಿಗಿ ಹಿಡಿಯುತ್ತದೆ. ನಾನು ಪಕ್ಕದಲ್ಲಿ ಓಡುತ್ತ, "ಬೆಳಿಗ್ಗೆ ಏನ್ ತಿಂದೆ?" ಎಂದು ಕೇಳಿದೆ. ಮಾತಾಡಬೇಕಾದರೆ ಉಸಿರು ಬಿಡಲೇಬೇಕು ನೋಡು. "ಟೋ-ಸ್-ಟು." ಮೇಲೇನ್ ಸವರಿದ್ದೆ? "ಬೆಣ್-ಣೆ." ಆಮೇಲೆ? "ಜೇ-ನು." ಕುಕ್ಕುವ ಕುದುರೆಯ ಮೇಲೆ ಮಾತೂ ಕುಕ್ಕಿ ಕುಕ್ಕಿ ಬರುತ್ತಿತ್ತು. ತನ್ನ ದನಿ ಕೇಳಿ ತಾನೇ ನಕ್ಕಳು. ನಕ್ಕ ಮಗುವಿನ ಸೊಂಟ ಸಡಿಲವಾಗುತ್ತದೆ, ಬಿಷಪ್ಪನಿಗೆ ಅದೊಂದೇ ಸಾಕು, ಅವನ ಓಟವೂ ಮೆತ್ತಗಾಯಿತು. ಈಗ ನಾಶ್ತಾ ಮುಗಿದು ಊಟದ ತನಕ ಬಂದಿದ್ದೇವೆ. ಮೈದಾನದಲ್ಲಿ ಓಡಿ ಓಡಿ ನನ್ನ ಹೊಟ್ಟೆ ಇಳಿದಿದೆ, ಕಂಡರೆ ನಿನಗೆ ಗುರುತು ಸಿಗಲಿಕ್ಕಿಲ್ಲ.

ಬರುವ ಭಾನುವಾರ ಮಕ್ಕಳ ಬಾವುಟದ ಪಂದ್ಯವಿದೆ. ಬ್ರೈಡಿ ಅದರಲ್ಲಿ ಕುಕ್ಕುಲೋಟದಲ್ಲೇ ಹೋಗುತ್ತಾಳೆ, ಎಲ್ಲರಿಗಿಂತ ಕೊನೆಗೆ ಬರುತ್ತಾಳೆ, ನನಗೆ ಅಷ್ಟೇ ಸಾಕು. ಈಗ ನೀನು ಬಂದು ಕುದುರೆ ಒಯ್ದರೆ ಅವಳು ಮತ್ತೆ ಆ ಕೋಟಿನ ಹಿಂದೆಯೇ. ಮೈಮೇಲೆ ತಲೆ ಇರುವವರೆಗೆ ನಾನದಕ್ಕೆ ಬಿಡುವುದಿಲ್ಲ. ಟ್ರೇಲರ್ ತಂದರೆ ಗೇಟಿಗೆ ಬೀಗ ಹಾಕಿರುತ್ತೇನೆ.

ನಾಳೆ ಅಂಚೆಗೆ ಹಾಕುತ್ತೇನೆ. ಈಗ ಕೋಳಿ ಒಳಗೆ ಹಾಕಬೇಕು.

ಭಾನುವಾರ ಸಂಜೆ, ಸೆಪ್ಟೆಂಬರ್ ೧೪

ಹಾಕಲಿಲ್ಲ. ಶುಕ್ರವಾರ ಅಂಚೆಚೀಟಿ ಸಿಗಲಿಲ್ಲ ಎಂದು ಬರೆಯಬಹುದು, ಆದರೆ ಚೀಟಿ ಇತ್ತು. ಮನಸ್ಸಾಗಲಿಲ್ಲ.

ನಿನ್ನೆ ಬೆಳಿಗ್ಗೆ ನಿನ್ನ ಅತ್ತಿಗೆ ಜೆನೆಟ್ ಫೋನ್ ಮಾಡಿದಳು. ನೀನು ಬಾಯಿಗೆ ಬೀಗ ಹಾಕಿಕೊಂಡದ್ದನ್ನೆಲ್ಲ ಅವಳು ಹೇಳಿದಳು. ಅವಳ ಮೊಮ್ಮಗಳು ಪಿಪ್ಪಾ, ಏಳು ವರ್ಷದವಳು, ಜೂನ್‌ನಲ್ಲಿ ಕುದುರೆಯಿಂದ ಬಿದ್ದು ಕೈ ಮುರಿದುಕೊಂಡಳಂತೆ. ಕೈ ಕೂಡಿದೆ, ಆದರೆ ಕುದುರೆ ಕಟ್ಟುವ ಬೇಲಿಯ ಹತ್ತಿರ ಕೂಡ ಸುಳಿಯುವುದಿಲ್ಲವಂತೆ. "ನಿನ್ ಗಂಡ ಏನ್ ಮಾಡ್ತಾನೆ ಗೊತ್ತಾ?" ಎಂದು ಜೆನೆಟ್ ಕೇಳಿದಳು. ಕೂಗಾಡ್ತಾನೆ, ಮತ್ತೇನು, ಅಂದೆ. "ಅಯ್ಯೋ ಇಲ್ಲ ಕಣೇ. ದಿನಾ ಮಧ್ಯಾಹ್ನ ಎರಡು ಕುರ್ಚಿ ಹೊತ್ಕೊಂಡು ಹೋಗಿ ಬೇಲಿಯಿಂದ ದೂರ ಹಾಕ್ತಾನೆ. ಒಂದ್ರಲ್ಲಿ ಅವ್ನು, ಇನ್ನೊಂದ್ರಲ್ಲಿ ಪಿಪ್ಪಾ. ಪೇಪರ್ ಓದ್ತಾನೆ. ಒಂದ್ ಮಾತು ಬಲವಂತ ಮಾಡಲ್ಲ. ಪ್ರತಿ ವಾರ ಕುರ್ಚಿ ಒಂಚೂರು ಹತ್ತಿರ ಬರುತ್ತೆ. ಮೊನ್ನೆ ಅವ್ಳು, 'ದೊಡ್ಡ ಕುದುರೆ ಭಯ, ನಿಧಾನದ ಕುದುರೆ ಆದ್ರೆ ಸರಿ' ಅಂದ್ಲು. ಅವತ್ತೇ ಟ್ರೆವರ್‌ಗೆ ಫೋನ್ ಮಾಡಿದ್ದು. ನಿಂಗೆ ಮಾಡೋಕೆ ಮುಖ ಇಲ್ವಂತೆ. 'ಅವ್ಳು ಜೀವಮಾನವೆಲ್ಲ ಹೇಳಿದ್ದನ್ನೇ ಈಗ ನಾನು ಮಾಡ್ತಿದೀನಿ, ಹೇಗೆ ಹೇಳ್ಲಿ' ಅಂತಾನೆ."

ನಾನು ಫೋನ್ ಇಟ್ಟು ಹೊರಗೆ ಹೋಗಿ ನಿಂತೆ. ನೀನು. ಪೇಪರ್ ಓದುತ್ತ. ಸುಮ್ಮನೆ! ನನಗೆ ನಗು ಬಂತು, ಆಮೇಲೆ ಅಳು ಬಂತು, ಆಮೇಲೆ ನಿನ್ನ ಮೇಲೆ ಎಂಥ ಸಿಟ್ಟು ಬಂತು ಅಂದರೆ, ಇದನ್ನು ಇಲ್ಲೇ ಕಲಿತಿದ್ದರೆ ಆಗುತ್ತಿರಲಿಲ್ಲವಾ ಎಂದು ಬಿಷಪ್ಪನನ್ನೇ ಕೇಳಿದೆ.

ಈಗ ನನ್ನ ಸಂಕಟ ನೋಡು. ಇಲ್ಲೊಂದು ಮಗು, ಅಲ್ಲೊಂದು ಮಗು, ಮಧ್ಯದಲ್ಲಿ ಒಂದೇ ಬೂದು ಕುದುರೆ. ಮಕ್ಕಳಿಗೆ ಕಲಿಸುವ ಒಳ್ಳೆಯ ಕುದುರೆಯನ್ನು ನಮ್ಮಲ್ಲಿ ಯಾರೂ ಕಟ್ಟಿಹಾಕಿಕೊಳ್ಳುವುದಿಲ್ಲ, ಒಂದು ಮಗು ಕಲಿತ ಮೇಲೆ ಮುಂದಿನ ಮಗುವಿಗೆ ದಾಟಿಸುತ್ತಾರೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬ್ರೈಡಿ ಇನ್ನೂ ಕಲಿತಿಲ್ಲ, ಇನ್ನೊಂದು ವರ್ಷ ಬೇಕು, ಕಡೇಪಕ್ಷ ಈ ಬೇಸಿಗೆಯಾದರೂ ಕಳೆಯಲಿ, ಹೀಗೆ ಲೆಕ್ಕ ಹಾಕುತ್ತ ನಿನ್ನೆಯೆಲ್ಲ ಕಳೆದೆ. ಅವಳಿಗೆ ಏನೂ ಹೇಳಬಾರದು ಎಂದು ತೀರ್ಮಾನಿಸಿಕೊಂಡೇ ಇವತ್ತು ಮೈದಾನಕ್ಕೆ ಹೋದೆ.

ಬಾವುಟದ ಪಂದ್ಯ. ಆ ತುದಿಯ ದೊಡ್ಡ ನೀಲಗಿರಿ ಮರದಲ್ಲಿ ಈ ವರ್ಷವೂ ಮ್ಯಾಗ್‌ಪೈ ಗೂಡು ಕಟ್ಟಿದೆ. ಸೆಪ್ಟೆಂಬರಿನ ಈ ವಸಂತದಲ್ಲಿ ಆ ಹಕ್ಕಿಗೆ ತಲೆ ಕೆಟ್ಟಿರುತ್ತದೆ, ಮರದ ಕೆಳಗೆ ಹೋದವರ ತಲೆಗೆ ಎರಗುತ್ತದೆ. ನಮ್ಮ ಮಕ್ಕಳೆಲ್ಲ ಎಂದಿನಂತೆ ಅದು ಹತ್ತಿರ ಬಾರದಿರಲೆಂದು ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿಕೊಂಡು ಮುಳ್ಳುಹಂದಿಗಳ ದಂಡಿನ ಹಾಗೆ ಬಂದಿದ್ದರು. ಬ್ರೈಡಿ ಹೊರಟಳು. ಮೊದಲ ಬಾವುಟ ಕಿತ್ತಳು, ಡಬ್ಬದಲ್ಲಿಟ್ಟಳು. ಎರಡನೆಯದನ್ನು ಕಿತ್ತಿದ್ದಳಷ್ಟೇ, ಆ ದರಿದ್ರ ಹಕ್ಕಿ ಭರ್ರನೆ ಬಂದು ಬಿಷಪ್ಪನ ಕಿವಿಗೇ ಕುಕ್ಕಿತು. ಜೀವಮಾನದಲ್ಲಿ ಎರಡು ಸಲ ಆತುರಪಟ್ಟಿದ್ದರೆ ಹೆಚ್ಚು ಅನ್ನಬೇಕಾದ ನಿನ್ನ ಬಿಷಪ್, ಬಾಲ ಎತ್ತಿ, ಗೊರಸು ಗುದ್ದಿ, ಮೈದಾನದ ಉದ್ದಕ್ಕೂ ನಾಗಾಲೋಟ ಕಿತ್ತ.

ಒಬ್ಬರೂ ಕೂಗಲಿಲ್ಲ, ನೆವ್ ಕೂಡ ತನ್ನ ಬಾಯಿಯನ್ನು ತನ್ನ ಕೈಯಿಂದಲೇ ಮುಚ್ಚಿಕೊಂಡಿದ್ದ. ಆ ಮೌನದಲ್ಲಿ ಒಂದೇ ದನಿ ಕೇಳುತ್ತಿತ್ತು. ಜೂಲು ಹಿಡಿದು, ಬಾವುಟ ಬಿಡದೆ, ಬ್ರೈಡಿ ಹಕ್ಕಿಗೆ ಬೈಯುತ್ತಿದ್ದಳು. "ನಿನ್ ಮರ ನೀನೇ ಇಟ್ಕೋ! ನಿನ್ ಮೊಟ್ಟೆ ಯಾರಿಗ್ ಬೇಕು! ಪಾಪ ಅವ್ನ್ ಕಿವಿ! ಮುದುಕ ಅವ್ನು, ಮುದುಕ!" ಬಾಯಿ ತುಂಬ ಬೈಗುಳ, ಎದೆ ತುಂಬ ಉಸಿರು, ಸೊಂಟ ಕುದುರೆಯ ಜೊತೆ ಜೊತೆಗೇ. ಆ ತುದಿಯ ಬೇಲಿಯ ಹತ್ತಿರ ತಾನೇ ಹಗುರವಾಗಿ ಲಗಾಮು ಎಳೆದು, ತಿರುಗಿಸಿ, ನಡೆಸಿಕೊಂಡು ಬಂದಳು. ಮುಖ ಕೆಂಪು, ಒಂದು ಜಡೆ ಬಿಚ್ಚಿದೆ. "ಆಂಟಿ, ಅದು ಓಟಾನಾ? ಅದೇ ನಿಜವಾದ್ ಓಟಾನಾ? ಇನ್ನೊಂದ್ ಸಲ ಹೋಗ್ಲಾ?" ಆಗ ಎದ್ದ ಗಲಾಟೆ ಕ್ವೀನ್ಸ್‌ಲ್ಯಾಂಡಿಗೂ ಕೇಳಿಸಿರಬೇಕು. ಓರ್ಲಾ ಟ್ರೆವರ್‌ನನ್ನು ತಬ್ಬಿಕೊಂಡಳು, ಟ್ರೆವರ್ ನನ್ನನ್ನು, ನಾನು ಕುದುರೆಯನ್ನು.

ಆಮೇಲೆ ನಾವಿಬ್ಬರೇ ಬಿಷಪ್ಪನ ಮೈ ಉಜ್ಜುತ್ತಿದ್ದೆವು. ಕುದುರೆಯ ಮೇಲೆ ಅಷ್ಟು ನಿಜವಾಗಿ ಕೂತ ಮಗುವಿನ ಮುಂದೆ ಸುಳ್ಳು ಇಟ್ಟುಕೊಂಡು ನಿಲ್ಲಲು ನನ್ನಿಂದಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಕುದುರೆ ಯಾರದು, ಪಿಪ್ಪಾ ಯಾರು, ನಾನು ಕೊಡುವುದಿಲ್ಲ ಎಂದು ಬರೆದದ್ದು, ಎಲ್ಲ. ಬ್ರೈಡಿ ಬ್ರಷ್ ಕೆಳಗಿಟ್ಟು ಬಿಷಪ್ಪನ ಕುತ್ತಿಗೆಗೆ ಮುಖ ಒತ್ತಿ ಬಹಳ ಹೊತ್ತು ಅತ್ತಳು. ನಾನು ಪಕ್ಕದಲ್ಲಿ ನಿಂತಿದ್ದೆ, ಅಳಬೇಡ ಅನ್ನಲಿಲ್ಲ. ಆಮೇಲೆ ಮುಖ ಎತ್ತದೆಯೇ, "ಅವ್ಳು ಬಿದ್ದಾಗ ಯಾರಾದ್ರೂ ನಕ್ರಾ?" ಎಂದು ಕೇಳಿದಳು.

ಗೊತ್ತಿಲ್ಲ ಪುಟ್ಟಾ, ಅಂದೆ.

"ನಗದೆ ಇದ್ರೂ ಅವ್ಳಿಗೆ ನಕ್ಕ ಹಾಗೇ ಅನ್ಸಿರುತ್ತೆ" ಅಂದಳು. ಮೂಗು ಒರೆಸಿಕೊಂಡಳು. "ಬಿಷಪ್ ಹೋಗ್ಲಿ. ನಂಗೀಗ ಬೇರೆ ಕುದುರೆನೂ ಬರುತ್ತೆ. ಅವ್ಳಿಗೆ ಇವ್ನೇ ಬೇಕು."

ಒಂಬತ್ತು ವರ್ಷ ಡೆಸ್! ನನಗೆ ಅರವತ್ತು ದಾಟಿದೆ, ಗೇಟಿಗೆ ಬೀಗ ಹುಡುಕುತ್ತಿದ್ದೆ.

ನೆವ್‌ನ ಬೆಳೆದ ಮಗಳಿಗೆ ಈಗ ಚಿಕ್ಕದಾದ ಕೆಂಚು ಕುದುರೆ ಬ್ರೈಡಿಗೆ ಬರುತ್ತದೆ. ಅದು ಬಿಷಪ್ಪನ ಹಾಗೆ ಸಾಧುವಲ್ಲ, ಅವಳೂ ಈಗ ಸಾಧುವಲ್ಲ. ಹಾಗಾಗಿ ಶನಿವಾರ ನೀನು ಟ್ರೇಲರ್ ಎಳೆದುಕೊಂಡು ಬರಬೇಡ, ನಿನ್ನ ಮಂಡಿಗೆ ಅಷ್ಟು ದೂರದ ಪ್ರಯಾಣ ಆಗದು. ನಾನೇ ಬಿಷಪ್ಪನನ್ನು ಕರೆತರುತ್ತೇನೆ. ಈ ಕಾಗದ ಸಮಯಕ್ಕೆ ತಲುಪದಿದ್ದರೆ ನೀನು ಇತ್ತ ಹೊರಟು, ನಾನು ಅತ್ತ ಹೊರಟು, ಇಬ್ಬರೂ ದಾರಿಯಲ್ಲಿ ಕೈ ಬೀಸಿಕೊಂಡು ಹೋಗುವುದು ಬೇಡವೆಂದು, ನಿನ್ನನ್ನು ಅಲ್ಲೇ ಹಿಡಿದಿಟ್ಟಿರು ಎಂದು ಜೆನೆಟ್‌ಗೆ ಹೇಳಿದ್ದೇನೆ. ಪಿಪ್ಪಾಗೆ ಈಗಲೇ ಏನೂ ಆಸೆ ಹುಟ್ಟಿಸಬೇಡ. ಅವನು ಬೇಲಿಯೊಳಗೆ ಮೇಯುತ್ತಿರಲಿ, ನೀವಿಬ್ಬರೂ ಎಂದಿನಂತೆ ಕುರ್ಚಿಯಲ್ಲಿ ಕೂತಿರಿ. ಅವಳಾಗಿ ಅವನ ಹೆಸರು ಕೇಳುವ ತನಕ ನೀನು ಪೇಪರ್ ಓದುತ್ತಿರು.

ನೀನು ಮಾಡುತ್ತಿರುವುದು ಸರಿಯಾಗಿದೆ. ಇದನ್ನು ಮುಖಕ್ಕೆ ಮುಖ ಕೊಟ್ಟು ಹೇಳಲು ನನಗೆ ಬಾರದು, ಅದಕ್ಕೇ ಕಾಗದದಲ್ಲಿ ಹೇಳುತ್ತಿದ್ದೇನೆ. ಬಹಳ ಸರಿಯಾಗಿದೆ.

ಇನ್ನೂ ಸಿಟ್ಟಿಳಿಯದ,
ನಿನ್ನ
ಗ್ಲೆಂಡಾ

ಮತ್ತೊಂದು ಮಾತು: ಕ್ರಿಸ್‌ಮಸ್‌ವರೆಗೆ ಭಾನುವಾರದ ಮಕ್ಕಳನ್ನು ನೆವ್ ನೋಡಿಕೊಳ್ಳುತ್ತಾನೆ, ಕೂಗಿದರೆ ಬ್ರೈಡಿ ಅವನನ್ನು ವಿಚಾರಿಸಿಕೊಳ್ಳುತ್ತಾಳಂತೆ. ಕೋಳಿಗಳನ್ನು ಓರ್ಲಾಳಿಗೆ ಒಪ್ಪಿಸಿದ್ದೇನೆ. ನಿನ್ನ ಕೋಣೆಯಲ್ಲಿ ಇರುವುದು ಒಂದೇ ಮಂಚ ಎಂದು ಜೆನೆಟ್ ಹೇಳಿದಳು. ಎಷ್ಟು ಅಗಲ ಎಂದು ಕೇಳಿದೆ. ಇಬ್ಬರಿಗೆ ಸಾಕಂತೆ.